ಅಗಿ ಬೇರು ಹಿಡಿಯುವ ತನಕ

ಮಕ್ಕಳನ್ನು ಮೊದಲ ಸಲ ಕಾಲೇಜಿಗೆ ಕಳಿಸಿದ ಮನೆಗಳಿಗೆ ಕಿವಿಮಾತು

ನಮ್ಮ ಕಡೆ ಮೆಣಸಿನಕಾಯಿ ಅಗಿ ಹಚ್ಚುವುದೂ ಮಕ್ಕಳು ಕಾಲೇಜು ಸೇರುವುದೂ ಹೆಚ್ಚುಕಡಿಮೆ ಒಂದೇ ಹಂಗಾಮಿನಲ್ಲಿ. ಮಡಿಯಲ್ಲಿ ಒತ್ತೊತ್ತಾಗಿ, ಒಂದಕ್ಕೊಂದು ಆತುಕೊಂಡು ಬೆಳೆದ ಸಸಿಯನ್ನು ಕಿತ್ತು ಹೊಲದಲ್ಲಿ ಹಚ್ಚಿದರೆ ಅದು ಮೂರ್ನಾಲ್ಕು ದಿನ ತಲೆ ಬಾಗಿಸಿಕೊಂಡು ನಿಲ್ಲುತ್ತದೆ. ಗೊತ್ತಿಲ್ಲದವರು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ನನ್ನ ಅಪ್ಪ ಬ್ಯಾಡಗಿ ಸೀಮೆಯ ರೈತ. ಬಿಸಿಲು ಇಳಿದ ಮೇಲೆ ಅಗಿ ಹಚ್ಚಿ, ಬುಡಕ್ಕೆ ನೀರು ಕೊಟ್ಟು, ಮರುದಿನದಿಂದ ಬೆಳಿಗ್ಗೆ ಸಂಜೆ ಹೊಲಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದ. ಬೇರು ಹಿಡಿಯಿತೋ ಇಲ್ಲವೋ ಎಂದು ಒಂದು ಸಸಿಯನ್ನೂ ಕಿತ್ತು ನೋಡಿದವನಲ್ಲ.

ಧಾರವಾಡದ ಒಂದು ಕಾಲೇಜಿನಲ್ಲಿ ನಾನು 31 ವರ್ಷ ಅರ್ಥಶಾಸ್ತ್ರ ಕಲಿಸಿದೆ. ಅದರಲ್ಲಿ 12 ವರ್ಷ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದೆ. ಕುಷ್ಟಗಿ, ರಾಮದುರ್ಗ, ನವಲಗುಂದ, ಸವದತ್ತಿ ಕಡೆಯಿಂದ ಟ್ರಂಕು ಹೊತ್ತುಕೊಂಡು ಬಂದ ಎಷ್ಟೋ ಮಕ್ಕಳು ಮೊದಲ ರಾತ್ರಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ಕಂಡಿದ್ದೇನೆ. ಬುದ್ಧಿ ಸಾಲದೆ ಕಾಲೇಜು ಬಿಟ್ಟವರು ನನಗೆ ಸಿಕ್ಕಿದ್ದು ಕಡಿಮೆ. ವಿದ್ಯಾರ್ಥಿವೇತನದ ಅರ್ಜಿ ತಪ್ಪಿತೆಂದು, ಒಂದು ಟೆಸ್ಟಿನಲ್ಲಿ ಅಂಕ ಬೀಳದೆ ನಾಚಿಕೆಯಾಯಿತೆಂದು, ಜೊತೆಗೆ ಕೂತು ಉಣ್ಣುವವರು ಯಾರೂ ಇಲ್ಲವೆಂದು ಬಿಟ್ಟುಹೋದವರೇ ಹೆಚ್ಚು. ಇವೆಲ್ಲ ಮೊದಲ ನಾಲ್ಕೈದು ತಿಂಗಳಲ್ಲಿ ಆಗುವ ಮಾತು. ಸುತ್ತಲಿನ ಒಬ್ಬ ಹಿರಿಯರು ಸರಿಯಾದ ಹೊತ್ತಿಗೆ ಸರಿಯಾದ ಒಂದು ಕೆಲಸ ಮಾಡಿದ್ದರೆ ಅವರಲ್ಲಿ ಬಹಳ ಮಂದಿ ಉಳಿಯುತ್ತಿದ್ದರು. ಆ ಕೆಲಸಗಳು ಯಾವುವು ಎಂಬುದನ್ನು ಅಪ್ಪ, ಅವ್ವ, ಅಣ್ಣ, ಅಕ್ಕ, ಮಾಮಾ ಎಲ್ಲರಿಗೂ ಹೇಳಬೇಕೆಂದು ಈ ಪಟ್ಟಿ ಬರೆದಿದ್ದೇನೆ.

ಮನೆ ಬಿಡುವ ಮೊದಲು

• ಹಾಸಿಗೆ, ಬಕೆಟ್ಟು ಕೊಳ್ಳುವ ಮೊದಲು ಕಾಗದಪತ್ರ ಜೋಡಿಸಿ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಪ್ರತಿಯೊಂದರದೂ ಐದೈದು ಝೆರಾಕ್ಸ್ ಮಾಡಿಸಿ, ಹತ್ತು ಫೋಟೊ ಇಡಿ. ಎಲ್ಲ ಕಾಗದಗಳ ಚಿತ್ರ ಮನೆಯ ಒಂದು ಮೊಬೈಲಿನಲ್ಲೂ ಇರಲಿ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಈಗಲೇ ತಿದ್ದಿಸಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಇಡೀ ವರ್ಷದ ವಿದ್ಯಾರ್ಥಿವೇತನ ನಿಂತುಹೋದದ್ದನ್ನು ನೋಡಿದ್ದೇನೆ.

• ವಿದ್ಯಾರ್ಥಿವೇತನವನ್ನು ಮಗುವಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ರಾಜ್ಯ ಸರ್ಕಾರದ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಈಗ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಲ್ಲಿ ನಾಡಕಚೇರಿ ಕೊಟ್ಟ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ ಮಾತ್ರ. ಬ್ಯಾಂಕಿಗೆ ಹೋಗಿ, ‘ಈ ಖಾತೆಗೆ ಆಧಾರ್ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ?’ ಎಂದು ಇದೇ ಮಾತಿನಲ್ಲಿ ಕೇಳಿ, ಖಚಿತ ಮಾಡಿಕೊಳ್ಳಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳ ಊಟ ವಸತಿಗೆ ವಿದ್ಯಾಸಿರಿ ಇದೆ. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಬಂದಿದೆ. ನಿಮ್ಮ ಮಗುವಿಗೆ ಯಾವುದು ಅನ್ವಯಿಸುತ್ತದೆಂದು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಮೊದಲ ವಾರದಲ್ಲೇ ಕೇಳಿ, ಕೊನೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.

• ಒಂದು ಕೆಲಸವನ್ನು ಮಗು ತಾನೇ ಮಾಡಿಕೊಂಡು ಬರಲಿ. ಬ್ಯಾಂಕಿನಲ್ಲಿ ಚಲನ್ ತುಂಬುವುದೋ, ತಾಲ್ಲೂಕು ಕಚೇರಿಯಲ್ಲಿ ಒಂದು ಪ್ರಮಾಣಪತ್ರ ಕೇಳುವುದೋ ಏನಾದರೂ ಆಗಲಿ. ನೀವು ಹೊರಗಿನ ಕಟ್ಟೆಯ ಮೇಲೆ ಕೂತಿರಿ. ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ನಿಂತು, ‘ನನಗೆ ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು’ ಎಂದು ಹೇಳಲಾಗದೆ ಮರಳಿ ಬಂದ ಮಕ್ಕಳು ಎಷ್ಟೋ ಮಂದಿ. ಬಟ್ಟೆ ಒಗೆಯುವುದು, ಗುಂಡಿ ಹಚ್ಚುವುದು, ಜ್ವರ ಬಂದರೆ ಗಂಜಿ ಕಾಯಿಸುವುದು ಇವನ್ನು ಗಂಡುಮಕ್ಕಳಿಗೂ ಕಲಿಸಿ ಕಳಿಸಿ.

• ಮನೆಯ ಸಾಲದ ಮಾತನ್ನು ಒಂದೇ ಸಲ, ಕೂತು, ಲೆಕ್ಕ ಸಮೇತ ಹೇಳಿ. ‘ಇಷ್ಟು ಫೀ, ಇಷ್ಟು ಹಾಸ್ಟೆಲ್, ಇದನ್ನು ಹೀಗೆ ಹೊಂದಿಸಿದ್ದೇವೆ’ ಎಂದರೆ ಮಗುವಿಗೆ ಜವಾಬ್ದಾರಿ ತಿಳಿಯುತ್ತದೆ. ‘ನಿನ್ನ ಸಲುವಾಗಿ ಎಮ್ಮಿ ಮಾರೇವಿ’ ಎಂದು ಪ್ರತಿ ಫೋನಿನಲ್ಲಿ ಹೇಳಿದರೆ, ಆ ಎಮ್ಮೆ ಅವರ ಕನಸಿನಲ್ಲಿ ಬಂದು ನಿಲ್ಲುತ್ತದೆ. ಕಷ್ಟ ಬಂದಾಗ ಬಾಯಿ ಬಿಡುವುದಕ್ಕೇ ಅಂಜುತ್ತಾರೆ.

ಬಿಟ್ಟು ಬರುವ ದಿನ ಮತ್ತು ಮೊದಲ ತಿಂಗಳು

• ಹಾಸ್ಟೆಲ್ಲಿನ ಬಾಗಿಲಲ್ಲಿ ಟ್ರಂಕು ಇಳಿಸಿ ಬಸ್ಸಿಗೆ ಓಡಬೇಡಿ. ಮಧ್ಯಾಹ್ನದ ತನಕ ಇರಿ. ಸಾಧ್ಯವಾದರೆ ಮೆಸ್ಸಿನಲ್ಲಿ ಅವರ ಜೊತೆ ಕೂತು ಉಣ್ಣಿ. ವಾರ್ಡನ್‌ರನ್ನು, ಅಡುಗೆಯವರನ್ನು, ಕಾವಲುಗಾರರನ್ನು ಮಾತಾಡಿಸಿ. ಪಕ್ಕದ ಮಂಚದ ಮಗುವಿನ ಊರು ಯಾವುದು, ಅಪ್ಪ ಅವ್ವ ಏನು ಮಾಡುತ್ತಾರೆ ಎಂದು ಕೇಳಿ, ಆ ಮನೆಯವರ ಫೋನ್ ನಂಬರ್ ಬರೆದುಕೊಳ್ಳಿ. ಮುಂದೆ ಎಂದಾದರೂ ನಿಮ್ಮ ಮಗು ಫೋನ್ ಎತ್ತದಿದ್ದರೆ ಆ ನಂಬರೇ ಕೈಹಿಡಿಯುತ್ತದೆ. ಹೊತ್ತು ಮುಳುಗುವ ಮೊದಲು ಹೊರಡಿ. ಕತ್ತಲಲ್ಲಿ ಬಿಟ್ಟುಹೋದರೆ ಮಗುವಿಗೆ ಸಂಕಟ ಹೆಚ್ಚು.

• ಫೋನಿಗೆ ಒಂದು ಹೊತ್ತು ಗೊತ್ತುಮಾಡಿ. ರಾತ್ರಿ ಊಟದ ನಂತರ ಹತ್ತು ನಿಮಿಷ ಸಾಕು. ದಿನಕ್ಕೆ ಆರು ಸಲ ಮಾಡಿದರೆ ಮಗು ದೇಹದಲ್ಲಿ ಹಾಸ್ಟೆಲ್ಲಿನಲ್ಲೂ ಮನಸ್ಸಿನಲ್ಲಿ ಮನೆಯಲ್ಲೂ ಇರುತ್ತದೆ. ಮಾಡದೇ ಬಿಟ್ಟರೆ ಮನೆಯವರು ಮರೆತರು ಅಂದುಕೊಳ್ಳುತ್ತದೆ.

• ‘ಊಟ ಆತೇನು?’ ಎಂದು ಕೇಳುವುದು ನಮ್ಮ ರೂಢಿ, ಅದನ್ನು ಬಿಡಬೇಡಿ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳಿ: ‘ಯಾರ ಕೂಡ ಉಂಡೀ?’ ಮೊದಲ ವಾರ ‘ಒಬ್ಬಾಕೆನ ಉಂಡ್ನಿ’ ಎಂಬ ಉತ್ತರ ಬಂದರೆ ಗಾಬರಿಯಾಗಬೇಡಿ. ಎರಡನೆಯ ವಾರ ಒಂದು ಹೆಸರು ಬರುತ್ತದೆ. ಮೂರನೆಯ ವಾರ ಆ ಹೆಸರಿನ ಜೊತೆ ಒಂದು ಊರು, ಒಂದು ನಗೆಮಾತು ಬರುತ್ತದೆ. ತಿಂಗಳು ಕಳೆದರೂ ಒಂದು ಹೆಸರೂ ಬರದಿದ್ದರೆ ನೀವು ಒಮ್ಮೆ ಹೋಗಿ ಬರಬೇಕು. ಈ ಪ್ರಶ್ನೆ ನಾನು ಕಲಿತದ್ದು ತಡವಾಗಿ. ಹೇಗೆ ಕಲಿತೆ ಎಂಬುದನ್ನು ಮುಂದೆ ಹೇಳುತ್ತೇನೆ.

• ಅತ್ತರೆ ಅಳಲು ಬಿಡಿ. ‘ಅವ್ವಾ, ನನಗ ಇಲ್ಲಿ ಹೊಂದವಲ್ದು, ಕರಕೊಂಡು ಹೋಗು’ ಎಂಬ ಮಾತು ಹೆಚ್ಚಾಗಿ ಎರಡನೆಯ ಅಥವಾ ಮೂರನೆಯ ವಾರ ಬರುತ್ತದೆ. ಆಗ ‘ಅಳಬ್ಯಾಡ, ಸುಮ್ಮನಿರು’ ಎಂದರೆ ಅವರು ಬಾಯಿ ಮುಚ್ಚಿಕೊಂಡು ಅಳುತ್ತಾರೆ. ‘ನಾಳೆನೇ ಬರ್ತೀನಿ’ ಎಂದರೆ ಅವರೊಳಗಿದ್ದ ಅಷ್ಟಿಷ್ಟು ಧೈರ್ಯವೂ ಕರಗುತ್ತದೆ. ಪೂರ್ತಿ ಕೇಳಿಸಿಕೊಂಡು ಹೀಗೆ ಹೇಳಿ: ‘ನಾಕು ವಾರ ಇದ್ದು ನೋಡವ್ವಾ. ನಾಕನೇ ಶನಿವಾರ ನಾನ ಬರ್ತೀನಿ. ಅವತ್ತ ಇಬ್ಬರೂ ಕೂತು ಮಾತಾಡೂಣು.’ ಹೇಳಿದ ದಿನ ತಪ್ಪದೆ ಹೋಗಿ. ನನ್ನ ಹಾಸ್ಟೆಲ್ಲಿನಲ್ಲಿ ಹೀಗೆ ದಿನ ಗೊತ್ತುಮಾಡಿದ ಮನೆಗಳ ಹುಡುಗಿಯರು, ಆ ಶನಿವಾರ ಬಂದಾಗ ಅವ್ವನಿಗೆ ಕಾಲೇಜು ತೋರಿಸುವ ಅವಸರದಲ್ಲಿರುತ್ತಿದ್ದರು.

• ಊರಿಗೆ ಬರುವುದಕ್ಕೂ ಒಂದು ಅಳತೆ ಇರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಹೆಣ್ಣುಮಕ್ಕಳು ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡಬಹುದು. ಎಷ್ಟೋ ಹುಡುಗಿಯರ ಓದು ಇದರಿಂದ ಉಳಿದಿದೆ. ಆದರೆ ಮೊದಲ ತಿಂಗಳು ಪ್ರತಿ ಶುಕ್ರವಾರ ಸಂಜೆ ಚೀಲ ಕಟ್ಟಿದರೆ ಹೊಸ ಜಾಗದ ಗೆಳೆತನಕ್ಕೆ ಶನಿವಾರ ಭಾನುವಾರಗಳೇ ಸಿಗುವುದಿಲ್ಲ. ಸ್ನೇಹ ಬೆಳೆಯುವುದು ಪಾಠದ ಹೊತ್ತಿನಲ್ಲಿ ಅಷ್ಟಿಲ್ಲ. ರಜೆಯ ದಿನ ಒಟ್ಟಿಗೆ ಬಟ್ಟೆ ಒಗೆಯುವಾಗ, ಪೇಟೆ ಸುತ್ತುವಾಗ ಬೆಳೆಯುತ್ತದೆ.

• ಬುತ್ತಿ ಕಳಿಸಿದರೆ ನಾಲ್ಕು ಮಂದಿಗೆ ಸಾಲುವಷ್ಟು ಕಳಿಸಿ. ನಮ್ಮ ಕಾಲದಲ್ಲಿ ಹಳ್ಳಿಯಿಂದ ಧಾರವಾಡದ ಬಸ್ಸಿನಲ್ಲಿ ಓದುವ ಮಕ್ಕಳ ಬುತ್ತಿ ಬರುತ್ತಿತ್ತು. ಬಸ್ ನಿಲ್ದಾಣದಲ್ಲಿ ಹುಡುಗರು ತಮ್ಮ ತಮ್ಮ ಡಬ್ಬಿ ಗುರುತು ಹಿಡಿದು ಇಳಿಸಿಕೊಳ್ಳುತ್ತಿದ್ದರು. ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಹದಿನೈದು ದಿನ ಕೆಡದೆ ಇರುತ್ತವೆ. ಮಾತು ಬಾರದ ಮಗುವಿಗೆ ರೊಟ್ಟಿ ಮಾತು ಕೊಡುತ್ತದೆ. ಮಂಡ್ಯದ ಕಡೆಯ ಹುಡುಗಿಯೊಬ್ಬಳು ಕಡಕ್ ರೊಟ್ಟಿ ಕಡಿಯಲಾರದೆ ಒದ್ದಾಡಿದ ರಾತ್ರಿ ಇಡೀ ಕೋಣೆ ನಕ್ಕಿತು. ಆ ನಗೆಯಿಂದ ಶುರುವಾದ ಸ್ನೇಹ ಇವತ್ತಿಗೂ ಇದೆ.

ಪಾಠ, ಹಾಜರಿ, ಮೊದಲ ಟೆಸ್ಟು

• ಪಿಯುಸಿಯ ಓದಿಗೂ ಇಲ್ಲಿಯ ಓದಿಗೂ ಬಹಳ ಅಂತರವಿದೆ ಎಂಬುದು ಮನೆಯವರಿಗೂ ತಿಳಿದಿರಲಿ. ಅಲ್ಲಿ ಒಂದೇ ಪಠ್ಯಪುಸ್ತಕ, ವರ್ಷದ ಕೊನೆಗೆ ಒಂದು ದೊಡ್ಡ ಪರೀಕ್ಷೆ, ಬೆನ್ನಿಗೆ ಟ್ಯೂಷನ್ ಇತ್ತು. ಇಲ್ಲಿ ಒಂದೇ ವಿಷಯಕ್ಕೆ ಮೂರ್ನಾಲ್ಕು ಪುಸ್ತಕ, ಸುಮಾರು ಹದಿನೈದು ವಾರದ ಸೆಮಿಸ್ಟರ್, ಐದಾರು ವಾರ ಕಳೆಯುವಷ್ಟರಲ್ಲಿ ಮೊದಲ ಇಂಟರ್ನಲ್ಸ್. ಓದಿದೆಯಾ ಎಂದು ಯಾರೂ ಕೇಳುವುದಿಲ್ಲ. ಪ್ರತಿ ವಿಷಯದ ಸಿಲಬಸ್ ಪ್ರತಿಯನ್ನು ಮೊದಲ ವಾರ ತೆಗೆದುಕೊಂಡು ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿಕೊಳ್ಳಲು ಹೇಳಿ. ಮುಗಿದ ಪಾಠಕ್ಕೆ ಗೆರೆ ಎಳೆಯುತ್ತ ಹೋದರೆ ಎಲ್ಲಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತದೆ.

• ಹಾಜರಿಯ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಲಿ. ವಾರಕ್ಕೆ ನಾಲ್ಕು ತರಗತಿಯಂತೆ ಹದಿನೈದು ವಾರಕ್ಕೆ 60 ತರಗತಿ. ಶೇ. 75 ಹಾಜರಿ ಬೇಕೆಂದರೆ 45 ತರಗತಿಗೆ ಹೋಗಲೇಬೇಕು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೇಳುವುದು ಶೇ. 85, ಅಂದರೆ 51 ತರಗತಿ, ತಪ್ಪಿಸಲು ಸಿಗುವುದು ಒಂಬತ್ತೇ. ಊರ ಜಾತ್ರೆ, ಅಕ್ಕನ ಸೀಮಂತ, ಮನೆ ಪೂಜೆ ಎಂದು ನೀವು ನಾಲ್ಕು ಸಲ ಕರೆಸಿದರೆ, ನಡುವೆ ಒಂದು ಜ್ವರ ಬಂದರೆ ಆ ಒಂಬತ್ತು ಮುಗಿದವು. ಹಾಜರಿ ಕೊರತೆಯಾಗಿ ಪರೀಕ್ಷೆ ತಪ್ಪಿದ ಮಕ್ಕಳಲ್ಲಿ ಮನೆಯವರೇ ಕರೆಸಿಕೊಂಡವರು ಬಹಳ.

• ಇಂಟರ್ನಲ್ಸ್ ಅಂದರೆ ಸಣ್ಣ ಟೆಸ್ಟು ಎಂಬ ಅಸಡ್ಡೆ ಬೇಡ. ಎಂಜಿನಿಯರಿಂಗ್‌ನ ಥಿಯರಿ ವಿಷಯಗಳಲ್ಲಿ 100 ಅಂಕಗಳ ಪೈಕಿ 50 ಸೆಮಿಸ್ಟರಿನ ನಡುವೆಯೇ ತೀರ್ಮಾನವಾಗುತ್ತವೆ. ಲ್ಯಾಬ್ ರೆಕಾರ್ಡ್ ಆಯಾ ವಾರವೇ ಬರೆದು ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಬಂದರೆ ಸೆಮಿಸ್ಟರ್ ಕೊನೆಯ ನಿದ್ದೆಗೇಡು ತಪ್ಪುತ್ತದೆ.

• ಮೊದಲ ಟೆಸ್ಟಿನ ಅಂಕ ಕಡಿಮೆ ಬರಬಹುದು. ಪಿಯುಸಿಯಲ್ಲಿ 600ಕ್ಕೆ 570 ತೆಗೆದ ಮಗುವಿಗೆ 25ಕ್ಕೆ 11 ಬರಬಹುದು. ಇಲ್ಲಿ ನನ್ನ ಮನೆಯದೇ ಮಾತು ಹೇಳಬೇಕು. ನನ್ನ ಮಗಳು ಓದಲೆಂದು ಮೈಸೂರಿಗೆ ಹೋದಳು. ದಿನಾ ರಾತ್ರಿ ಫೋನು ಮಾಡಿ ನಾನು ಕೇಳುತ್ತಿದ್ದದ್ದು, ‘ಟೆಸ್ಟ್ ಆತೇನು? ಎಷ್ಟ ಬಂತು?’ ಅವಳಿಗೆ ಬಂದದ್ದು 11, ನನಗೆ ಹೇಳಿದ್ದು 19. ಆ ಎಂಟು ಅಂಕಗಳ ಸುಳ್ಳನ್ನು ಹೊತ್ತುಕೊಂಡು ಐದು ತಿಂಗಳು ಒಬ್ಬಳೇ ಒದ್ದಾಡಿದಳು. ಫಲಿತಾಂಶ ಬಂದು ಎರಡು ವಿಷಯ ಉಳಿದಾಗ ಅತ್ತು ಹೇಳಿದಳು: ‘ಅವ್ವಾ, ನೀ ಅಂಕ ಬಿಟ್ಟು ಬ್ಯಾರೆ ಏನರ ಕೇಳಿದ್ರ ನಾ ಅವತ್ತ ಹೇಳ್ತಿದ್ದೆ. ಮೂರು ತಿಂಗಳು ನಾ ಮೆಸ್ಸಿನ್ಯಾಗ ಒಬ್ಬಾಕೆನ ಉಂಡೇನಿ.’ ಊರ ಮಕ್ಕಳಿಗೆಲ್ಲ ವಾರ್ಡನ್ ಆಗಿದ್ದ ನನಗೆ ನನ್ನ ಮಗಳು ಒಬ್ಬಳೇ ಉಣ್ಣುತ್ತಿದ್ದಾಳೆಂಬುದು ಗೊತ್ತಿರಲಿಲ್ಲ. ‘ಯಾರ ಕೂಡ ಉಂಡೀ?’ ಎಂಬ ಪ್ರಶ್ನೆ ಹುಟ್ಟಿದ್ದು ಆ ರಾತ್ರಿ.

• ಹಾಗಾದರೆ ಟೆಸ್ಟಿನ ಬಗ್ಗೆ ಏನು ಕೇಳಬೇಕು? ‘ಯಾವ ಪ್ರಶ್ನೆ ಕಷ್ಟ ಆತು? ಅದನ್ನ ಯಾರನ್ನ ಕೇಳ್ತೀ?’ ಎಂದು ಕೇಳಿ. ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಆ ವಿಷಯದ ಅಧ್ಯಾಪಕರ ಬಳಿ ಹೋಗಲು ಹೇಳಿ. ಹತ್ತರಲ್ಲಿ ಎಂಟು ಮಂದಿ ಅಧ್ಯಾಪಕರು ಹಾಗೆ ಬಂದ ಮಗುವನ್ನು ಕೂಡಿಸಿಕೊಂಡು ಹೇಳಿಕೊಡುತ್ತಾರೆ. ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಯಾರೂ ಬರದೆ ನಾವೇ ಕಾದು ಕೂತ ದಿನಗಳು ಹೆಚ್ಚು.

• ಕನ್ನಡದಲ್ಲಿ ಓದಿಬಂದ ಮಗು ದಡ್ಡ ಅಲ್ಲ ಎಂದು ಮಗುವಿಗೆ ಬಾಯಿಬಿಟ್ಟು ಹೇಳಿ. ಬಿ.ಕಾಂ. ಮೊದಲ ವರ್ಷದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿ ಎರಡು ತಿಂಗಳು ಬಾಯಿ ತೆರೆದಿರಲಿಲ್ಲ. ಒಂದು ದಿನ ನಾನು ‘ಎಲಾಸ್ಟಿಸಿಟಿ’ ಬಿಟ್ಟು ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಅಂದೆ. ಆಕೆ ಎದ್ದು ನಿಂತು, ‘ಅಕ್ಕೋರ, ಉಪ್ಪಿನ ದರ ಏರಿದ್ರ ಯಾರೂ ಉಪ್ಪು ತಿನ್ನೂದು ಬಿಡಂಗಿಲ್ರಿ. ಸೇಬಿನ ದರ ಏರಿದ್ರ ನಮ್ಮೂರಾಗ ಸೇಬ ತರಂಗಿಲ್ರಿ’ ಅಂದಳು. ‘ಮೇಡಂ’ ಎನ್ನಬೇಕೆಂಬುದೂ ಅವಳಿಗೆ ಆ ಗಳಿಗೆ ಮರೆತಿತ್ತು. ಇಡೀ ಅಧ್ಯಾಯ ಆ ಎರಡು ವಾಕ್ಯದಲ್ಲಿತ್ತು. ಅವಳಿಗೆ ವಿಷಯ ಗೊತ್ತಿತ್ತು. ಅದರ ಇಂಗ್ಲಿಷ್ ಹೆಸರು ಮಾತ್ರ ಗೊತ್ತಿರಲಿಲ್ಲ.

• ಅಂಥ ಮಕ್ಕಳಿಗೆ ಒಂದು ಸಣ್ಣ ವಹಿ ಮಾಡಿಕೊಡಿ. ಎಡಕ್ಕೆ ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪದ, ಬಲಕ್ಕೆ ಅದರ ಕನ್ನಡ, ಕೆಳಗೆ ಊರಿನ ಒಂದು ಉದಾಹರಣೆ. ದಿನಕ್ಕೆ ಐದು ಪದವಾದರೆ ಒಂದು ಸೆಮಿಸ್ಟರಿಗೆ ನಾಲ್ಕುನೂರು ದಾಟುತ್ತವೆ. ಒಂದು ವಿಷಯದ ಮೂಲಪದಗಳು ಅದಕ್ಕಿಂತ ಹೆಚ್ಚಿರುವುದಿಲ್ಲ. ಬಿ.ಎ., ಬಿ.ಕಾಂ. ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ನಾಚಿಕೊಂಡು ಆ ಅವಕಾಶ ಬಿಡುವುದು ಬೇಡ; ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಲಿ.

• ಅಣ್ಣನೋ ಅಕ್ಕನೋ ಓದಿದ್ದಾರೆಂದು ಅವರ ಮಾತನ್ನೇ ನಿಯಮವೆಂದು ಹಿಡಿಯಬೇಡಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷವಾಯಿತು. ಒಂದೇ ಮನೆಯ ಇಬ್ಬರು ಮಕ್ಕಳ ವಿಷಯಗಳೂ ಅಂಕದ ಲೆಕ್ಕವೂ ಬೇರೆ ಬೇರೆ ಇರಬಹುದು. ಅಣ್ಣನಿಂದ ಧೈರ್ಯ ಪಡೆಯಲಿ, ನಿಯಮವನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಓದಲಿ.

ಹಣ ಮತ್ತು ಮೊಬೈಲು

• ತಿಂಗಳ ಹಣ ಒಂದೇ ಸಲ ಹಾಕುವ ಬದಲು ಮೊದಲ ಸೆಮಿಸ್ಟರಿನಲ್ಲಿ ವಾರವಾರ ಹಾಕಿ. ಹದಿನೆಂಟರ ವಯಸ್ಸಿಗೆ ಏಳು ದಿನದ ಲೆಕ್ಕ ತೂಗುತ್ತದೆ, ಮೂವತ್ತು ದಿನದ ಲೆಕ್ಕ ತೂಗುವುದು ಕಷ್ಟ. ಊರಿಗೆ ಬರುವ ಬಸ್ ಖರ್ಚು, ಒಂದು ಸಲ ಡಾಕ್ಟರಿಗೆ ತೋರಿಸುವಷ್ಟು ಹಣ ಬೇರೆ ಇರಲಿ; ಅದನ್ನು ಮುಟ್ಟಿದರೆ ಅಂದೇ ಹೇಳಬೇಕೆಂಬ ಕರಾರು ಇರಲಿ.

• ‘ನಿನ್ನ ಬ್ಯಾಂಕ್ ಖಾತೆ ನಾಲ್ಕು ದಿನ ಬಳಸಲು ಕೊಡು, ಕಮಿಷನ್ ಕೊಡ್ತೀವಿ’ ಎಂದು ಕಾಲೇಜು ಹುಡುಗರನ್ನು ಮರುಳುಮಾಡುವವರಿದ್ದಾರೆ. ಮೋಸದ ಹಣ ಆ ಖಾತೆಯಿಂದ ಹಾದುಹೋದರೆ ಪೊಲೀಸರು ಬರುವುದು ಖಾತೆಯ ಯಜಮಾನನ ಮನೆಗೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್, ಒಟಿಪಿ ಇವನ್ನು ಜೀವದ ಗೆಳೆಯನಿಗೂ ಕೊಡಬಾರದೆಂದು ಗಟ್ಟಿಯಾಗಿ ಹೇಳಿ. ಮೊಬೈಲಿನಲ್ಲೇ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಸುಳಿಯುವುದು ಬೇಡ. ಹಣ ಹೋದರೆ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಲಿ. ಮನೆಗೆ ಹೇಳಿದರೆ ಬೈಯುವುದಿಲ್ಲ ಎಂಬ ಭರವಸೆಯನ್ನು ಮೊದಲೇ ಕೊಟ್ಟಿರಿ.

ರ‍್ಯಾಗಿಂಗ್ ವಿಷಯದಲ್ಲಿ

• ‘ಎಲ್ಲಾರೂ ಅನುಭವಿಸ್ಯಾರ, ನೀನೂ ತಡಕೋ’ ಎಂದು ಎಂದಿಗೂ ಹೇಳಬೇಡಿ. 2009ರ ಯುಜಿಸಿ ನಿಯಮಗಳ ಪ್ರಕಾರ ರ‍್ಯಾಗಿಂಗ್ ತಡೆಯುವುದು ಕಾಲೇಜಿನ ಹೊಣೆ. ಪ್ರವೇಶದ ಹೊತ್ತಿನಲ್ಲಿ ಮಗುವೂ ನೀವೂ ಸಹಿ ಮಾಡುವ ಮುಚ್ಚಳಿಕೆ ಅದಕ್ಕೇ ಇರುವುದು. ದೇಶಕ್ಕೆಲ್ಲ ಒಂದೇ ಸಹಾಯವಾಣಿ ಇದೆ: 1800-180-5522. ಅದನ್ನು ಮಗುವಿನ ಮೊಬೈಲಿನಲ್ಲಿ ಸೇರಿಸಿ, ಒಂದು ಚೀಟಿಯಲ್ಲೂ ಬರೆದುಕೊಡಿ. ಹೆಸರು ಕೇಳುವುದು, ಊರು ಕೇಳುವುದು ಪರಿಚಯ. ಅವಮಾನ ಮಾಡುವುದು, ಹೆದರಿಸುವುದು, ಬಟ್ಟೆ ಜಾತಿ ಭಾಷೆ ಹಿಡಿದು ಆಡಿಕೊಳ್ಳುವುದು, ದುಡ್ಡು ಕಿತ್ತುಕೊಳ್ಳುವುದು ರ‍್ಯಾಗಿಂಗ್. ಈ ವ್ಯತ್ಯಾಸ ಮಗುವಿಗೆ ಮೊದಲೇ ತಿಳಿದಿರಲಿ.

ಬಾಗಿದ ಸಸಿ, ಒಣಗುವ ಸಸಿ

• ಬಾಗಿದ ಅಗಿಗೂ ಒಣಗುವ ಅಗಿಗೂ ಇರುವ ವ್ಯತ್ಯಾಸ ರೈತನ ಕಣ್ಣಿಗೆ ತಿಳಿಯುತ್ತದೆ. ಬಾಗಿದ್ದು ಸಂಜೆಯ ತಂಪಿಗೆ ಸ್ವಲ್ಪ ತಲೆ ಎತ್ತುತ್ತದೆ, ಒಣಗುವುದು ಎತ್ತುವುದಿಲ್ಲ. ಮಕ್ಕಳಲ್ಲೂ ಹಾಗೆ. ಅತ್ತರೂ ನಡುನಡುವೆ ನಗುವ, ಮೆಸ್ಸಿನ ಸಾರು ಬೈದುಕೊಂಡಾದರೂ ಉಣ್ಣುವ ಮಗು ಬೇರು ಹಿಡಿಯುತ್ತಿದೆ.

• ಈ ಗುರುತುಗಳು ಎರಡು ವಾರ ಬಿಡದೆ ಕಂಡರೆ ಹೋಗಿ ನೋಡಿ: ರಾತ್ರಿ ನಿದ್ದೆಯಿಲ್ಲದೆ ಹಗಲೆಲ್ಲ ಮಲಗುವುದು, ಊಟ ಬಿಡುವುದು, ತರಗತಿಗೆ ಹೋಗದಿರುವುದು, ಮೊದಲು ಇಷ್ಟಪಟ್ಟ ಹಾಡು ಆಟ ಯಾವುದೂ ಬೇಡವಾಗುವುದು, ಫೋನ್ ಎತ್ತದಿರುವುದು, ಕುಡಿತ ಇತ್ಯಾದಿ ಚಟಕ್ಕೆ ಬೀಳುವುದು, ತನ್ನ ವಸ್ತುಗಳನ್ನು ಕಾರಣವಿಲ್ಲದೆ ಹಂಚಿಬಿಡುವುದು.

• ‘ನಾ ಇದ್ದರೂ ಅಷ್ಟ, ಇಲ್ಲದಿದ್ದರೂ ಅಷ್ಟ’ ಎಂಬಂಥ ಮಾತು ಬಂದರೆ ಎರಡು ವಾರ ಅಲ್ಲ, ಎರಡು ತಾಸೂ ಕಾಯಬೇಡಿ. ‘ಜೀವ ತಗೋಬೇಕು ಅನಿಸ್ತದೇನು?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ. ಒಬ್ಬರನ್ನೇ ಬಿಡದಂತೆ ವಾರ್ಡನ್‌ರಿಗೂ ಕೋಣೆಯ ಗೆಳತಿಗೂ ತಿಳಿಸಿ, ತಕ್ಷಣ ಹೊರಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್, ನಮ್ಮ ಧಾರವಾಡದ ಡಿಮ್ಹಾನ್ಸ್ ಇಂಥ ಕಷ್ಟ ನೋಡಲೆಂದೇ ಇರುವ ಆಸ್ಪತ್ರೆಗಳು. ಅಲ್ಲಿಗೆ ಕರೆದುಕೊಂಡು ಹೋದರೆ ಮನೆತನದ ಮರ್ಯಾದೆ ಹೋಗುವುದಿಲ್ಲ. ಮಗು ಉಳಿಯುತ್ತದೆ.

• ಕೆಲವೊಮ್ಮೆ ಆರಿಸಿಕೊಂಡ ಕೋರ್ಸೇ ಹೊಂದುವುದಿಲ್ಲ. ಒಂದು ಸೆಮಿಸ್ಟರ್ ಪ್ರಾಮಾಣಿಕವಾಗಿ ಓದಿದ ಮೇಲೂ ಮನಸ್ಸು ನಿಲ್ಲದಿದ್ದರೆ ಕೂತು ಮಾತಾಡಿ. ಅಪ್ಪ ಸತ್ತ ಅಗಿಯ ಜಾಗದಲ್ಲಿ ಮತ್ತೊಂದು ಹಚ್ಚುತ್ತಿದ್ದ, ಹೊಲವನ್ನೇ ಬೀಳು ಬಿಡುತ್ತಿರಲಿಲ್ಲ. ಒಂದು ವರ್ಷ ಹೋದರೆ ಬದುಕು ಹೋಗಲಿಲ್ಲ ಎಂಬ ಮಾತು ನಿಮ್ಮ ಬಾಯಿಂದ ಬರಬೇಕು.

ಅಧ್ಯಾಪಕರು, ಹಿರಿಯ ವಿದ್ಯಾರ್ಥಿಗಳು, ಊರಿನವರು

• ನನ್ನ ಸಹೋದ್ಯೋಗಿಗಳಾಗಿದ್ದವರಿಗೆ ಒಂದೇ ಬೇಡಿಕೆ: ಮೊದಲ ತಿಂಗಳು ಮುಗಿಯುವುದರೊಳಗೆ ಪ್ರತಿ ಮಗುವಿನ ಹೆಸರು ಹಿಡಿದು ಒಂದು ಸಲವಾದರೂ ಕರೆಯಿರಿ. ಹೊಸಬರ ಪರಿಚಯಕ್ಕೆಂದು ಎಐಸಿಟಿಇ ಮೂರು ವಾರಗಳ ಕಾರ್ಯಕ್ರಮ ರೂಪಿಸಿತು, ಯುಜಿಸಿ 2019ರಲ್ಲಿ ದೀಕ್ಷಾರಂಭ ತಂದಿತು. ಅದನ್ನು ವೇದಿಕೆಯ ಭಾಷಣಗಳಲ್ಲಿ ಮುಗಿಸಬೇಡಿ. ಗ್ರಂಥಾಲಯದಿಂದ ಪುಸ್ತಕ ತರುವುದು ಹೇಗೆ, ಕಚೇರಿಯ ಯಾವ ಕಿಟಕಿಯಲ್ಲಿ ಏನು ಸಿಗುತ್ತದೆ, ಕುಡಿಯುವ ನೀರು, ಹುಡುಗಿಯರ ಶೌಚಾಲಯ ಎಲ್ಲಿವೆ ಎಂದು ಕೈಹಿಡಿದು ತೋರಿಸಿ.

• ಎರಡನೆಯ, ಮೂರನೆಯ ವರ್ಷದ ಮಕ್ಕಳೇ, ನಿಮ್ಮ ಹಳೆಯ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ ಕೆಳಗಿನವರಿಗೆ ಕೊಡಿ. ಮೆಸ್ಸಿನಲ್ಲಿ ಒಬ್ಬರೇ ಕೂತವರ ಪಕ್ಕ ತಟ್ಟೆ ಇಟ್ಟುಕೊಂಡು ಕೂತುಕೊಳ್ಳಿ. ಅದಕ್ಕೆ ಐದು ನಿಮಿಷವೂ ಬೇಡ. ಆ ಮಗು ಅದನ್ನು ಮುಪ್ಪಿನ ತನಕ ನೆನೆಸುತ್ತದೆ.

• ಕಾಲೇಜಿರುವ ಊರಿನವರು ಹಿಂದಿನದನ್ನು ನೆನೆಯಬೇಕು. ನಮ್ಮ ಅಪ್ಪಂದಿರ ಕಾಲದಲ್ಲಿ ವಾರಾನ್ನ ಇತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ ಎಂದು ಉಂಡು ಓದುತ್ತಿದ್ದ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದ ನಿಲಯದಲ್ಲಿ ಸಾವಿರಾರು ಹಳ್ಳಿ ಹುಡುಗರು ಉಂಡು ಕಲಿತರು. ನಿಮ್ಮ ಬೀದಿಯಲ್ಲಿ ರೂಮು ಮಾಡಿಕೊಂಡಿರುವ ಹೊಸ ಮಕ್ಕಳನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆಯಿರಿ. ಬಾಡಿಗೆ ಕೇಳುವಾಗಿನ ದನಿ ಒಂದಿಷ್ಟು ಮೆತ್ತಗಿರಲಿ.

ಮೊದಲ ರಜೆಗೆ ಬಂದಾಗ

• ಎರಡು ದಿನ ಮಲಗಲು ಬಿಡಿ. ನೆಂಟರ ಮುಂದೆ ನಿಲ್ಲಿಸಿ ಅಂಕ ಹೇಳಿಸಬೇಡಿ. ಮಾತಿನ ಧಾಟಿ, ಕೂದಲು, ತಿನ್ನುವ ಹೊತ್ತು ಬದಲಾಗಿರುತ್ತವೆ. ‘ನೀ ನಮ್ಮ ಮಗಳ ಅಲ್ಲ ಈಗ’ ಎಂದು ಚುಚ್ಚಬೇಡಿ. ಆ ಮಾತು ಅವರನ್ನು ಎರಡೂ ಕಡೆ ಪರದೇಶಿ ಮಾಡುತ್ತದೆ. ಅವರ ಹಾಸಿಗೆ, ಅವರ ತಟ್ಟೆ ಇದ್ದಲ್ಲೇ ಇರಲಿ.

ಅಗಿ ಹಚ್ಚಿ ಹತ್ತು ದಿನವಾದಾಗ ಸುಳಿಯಲ್ಲಿ ಹೊಸ ಎಲೆ ಕಂಡರೆ ಅಪ್ಪ ಬದುವಿನ ಮೇಲಿಂದಲೇ ಅವ್ವನಿಗೆ ಕೂಗಿ ಹೇಳುತ್ತಿದ್ದ. ನಿಮ್ಮ ಮನೆಗೂ ಆ ದಿನ ಬರುತ್ತದೆ. ಎಂದಿನಂತೆ ರಾತ್ರಿ ನೀವು ಫೋನು ಮಾಡಿರುತ್ತೀರಿ. ಹಿಂದೆ ತಟ್ಟೆಗಳ ಸದ್ದು, ಯಾರದೋ ನಗು ಕೇಳುತ್ತದೆ. ‘ಅವ್ವಾ, ಆಮ್ಯಾಲೆ ಮಾಡ್ತೀನಿ, ಇವ್ರೆಲ್ಲಾ ಊಟಕ್ಕ ಕರೀಲಿಕ್ಕತ್ತಾರ’ ಎಂದು ಮಗು ಅವಸರದಲ್ಲಿ ಫೋನು ಇಡುತ್ತದೆ. ಯಾರ ಕೂಡ ಉಂಡೀ ಎಂದು ಅಂದು ನೀವು ಕೇಳಬೇಕಾಗುವುದಿಲ್ಲ. ಎದೆಯಲ್ಲಿ ಸ್ವಲ್ಪ ನೋವಾದರೆ ಆಗಲಿ. ಬೇರು ಹಿಡಿಯಿತೆಂದು ತಿಳಿದು, ನೀವೂ ನೆಮ್ಮದಿಯಿಂದ ಊಟಕ್ಕೆ ಏಳಿ.